ಸಿದ್ದಿ ಮಕ್ಕಳ ಪರವಾಗಿ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲಾ ತಾಲ್ಲೂಕುಗಳ ಅರಣ್ಯದ ಅಂಚಿನಲ್ಲಿ ತಲೆತಲಾಂತರದಿಂದ ನೆಲೆಸಿ, ಇಲ್ಲಿಯ ಮಣ್ಣಿನಲ್ಲಿಯೇ ದುಡಿದು, ಕನ್ನಡ ಕೊಂಕಣಿಗಳನ್ನೇ ಆಡುತ್ತ ಬಂದಿರುವ ಸಿದ್ದಿ ಜನರು, ಕೇವಲ ಮೈಬಣ್ಣ ಮತ್ತು ಗುಂಗುರುಕೂದಲಿನ ಕಾರಣದಿಂದ ಇಂದಿಗೂ ಪರದೇಶದವರೆಂದು ಭಾವಿಸಲ್ಪಡುತ್ತಿರುವ ದುಃಖಕರ ಸಂಗತಿಯತ್ತ ತಮ್ಮ ಗಮನವನ್ನು ಸೆಳೆಯುವುದೇ ಈ ಪತ್ರದ ಉದ್ದೇಶವಾಗಿದೆ. ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಪಟ್ಟಣಕ್ಕೆ ಬಂದ ಸಿದ್ದಿ ತರುಣನನ್ನು ‘ನಿನ್ನದು ಯಾವ ದೇಶ?’ ಎಂದು ಕೇಳುವವರು, ಅವನು ಅಚ್ಚಗನ್ನಡದಲ್ಲಿ ಉತ್ತರವಿತ್ತ ಮೇಲೂ ನಂಬದೆ ಅವನ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ.

ಸಿದ್ದಿಗಳ ಪೂರ್ವಿಕರು ಸ್ವೇಚ್ಛೆಯಿಂದ ಬಂದವರಲ್ಲ. ಪೋರ್ಚುಗೀಸರು ಆಫ್ರಿಕದಿಂದ ಹಡಗುಗಳಲ್ಲಿ ಗೋವೆಗೆ ತಂದು ಗುಲಾಮರನ್ನಾಗಿ ಮಾರಿದ ಮನುಷ್ಯರಲ್ಲಿ ಅನೇಕರು, ಒಡೆಯರ ಕ್ರೌರ್ಯವನ್ನು ಸಹಿಸಲಾರದೆ ಸಂಕೋಲೆಗಳನ್ನು ಹರಿದುಕೊಂಡು, ಘಟ್ಟದ ದುರ್ಗಮವಾದ ಕಾಡುಗಳನ್ನು ಹೊಕ್ಕು ಬದುಕನ್ನು ಕಟ್ಟಿಕೊಂಡರು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನನ್ನು ಯಾವ ಅಭಿಮಾನದಿಂದ ಸ್ಮರಿಸುತ್ತೇವೆಯೋ ಅದೇ ಅಭಿಮಾನಕ್ಕೆ ಈ ಅನಾಮಧೇಯ ವೀರರೂ ಅರ್ಹರು. ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಮಂತ್ರಿಪದವಿಗೇರಿದ ಇಖ್ಲಾಸ್ ಖಾನನೂ, ಜಹಾಂಗೀರನ ಸೇನೆಗಳನ್ನು ವರ್ಷಗಟ್ಟಲೆ ತಡೆದು ಅಹಮದ್‌ನಗರದ ರಾಜ್ಯವನ್ನು ಕಾಪಾಡಿದ ಮಲಿಕ್ ಅಂಬರನೂ ಆಫ್ರಿಕದ ಮೂಲದವರೇ ಆಗಿದ್ದರೆಂಬುದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು?

ಸರಕಾರವು ಏನನ್ನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದವರೆಂದು ಮಾನ್ಯರಾದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತನ್ನು ಪ್ರವೇಶಿಸಿದರು. ಇವೆಲ್ಲವೂ ಸ್ತುತ್ಯವೇ. ಆದರೆ ಪಕ್ಕದ ಬೆಂಚಿನ ಹುಡುಗನು ಕೂದಲನ್ನೆಳೆದು ಹಂಗಿಸಿದಾಗ ನೊಂದ ಮಗುವಿನ ಕಣ್ಣೀರನ್ನು ಯಾವ ಪ್ರಮಾಣಪತ್ರವೂ ಒರೆಸಲಾರದು. ತರಗತಿಯಲ್ಲಿ ತಿದ್ದದೆ ಬಿಟ್ಟ ಈ ತಿರಸ್ಕಾರವು ಬೀದಿಯಲ್ಲಿ ಎಂತಹ ರೂಪವನ್ನು ತಾಳಬಲ್ಲುದೆಂಬುದನ್ನು ಬೆಂಗಳೂರು 2016ರ ಜನವರಿಯಲ್ಲಿ ಕಂಡಿತು: ಸೂಡಾನಿನವನೊಬ್ಬನ ಕಾರು ಮಹಿಳೆಯೊಬ್ಬಳ ಸಾವಿಗೆ ಕಾರಣವಾಯಿತೆಂಬ ಕೋಪದಲ್ಲಿ, ಆ ಅಪಘಾತಕ್ಕೆ ಯಾವ ವಿಧದಲ್ಲಿಯೂ ಸಂಬಂಧಪಡದ ಟಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪೊಂದು ಹಲ್ಲೆ ನಡೆಸಿತು. ಅವಳ ವರ್ಣವೇ ಅವಳ ಅಪರಾಧವಾಯಿತು.

ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇರುವ ಸಿದ್ದಿ ಸಮುದಾಯವು, ಮತಭೇದವನ್ನು ಮೀರಿ ತಾವೆಲ್ಲರೂ ಸಿದ್ದಿಗಳೆಂಬ ಬಾಂಧವ್ಯವನ್ನು ಉಳಿಸಿಕೊಂಡು, ಡಮಾಮಿ ವಾದ್ಯದ ಬಡಿತಕ್ಕೆ ಒಟ್ಟಾಗಿ ಹೆಜ್ಜೆಹಾಕುತ್ತ ಬಂದಿದೆ. ಸಹಬಾಳ್ವೆಯ ಪಾಠಕ್ಕೆ ದೂರದ ದೃಷ್ಟಾಂತಗಳನ್ನು ನಾವೇಕೆ ಅರಸಬೇಕು?

ಆದುದರಿಂದ ನನ್ನ ವಿಜ್ಞಾಪನೆ ಇಷ್ಟೇ. ಸಿದ್ದಿಗಳ ಚರಿತ್ರೆಯನ್ನು ಕರುಣೆಗಾಗಿ ಸೇರಿಸಿದ ಅನುಬಂಧದಂತಲ್ಲದೆ ಕರ್ನಾಟಕದ ಚರಿತ್ರೆಯ ಅಂಗವಾಗಿಯೇ ಸಮಾಜವಿಜ್ಞಾನದ ಪುಸ್ತಕದಲ್ಲಿ ಬರೆಯಿಸಬೇಕು, ಅದನ್ನು ಬರೆಯುವಾಗ ಆ ಸಮುದಾಯದ ಹಿರಿಯರನ್ನೂ ವಿದ್ಯಾವಂತರನ್ನೂ ಜೊತೆಗೆ ಕೂರಿಸಿಕೊಳ್ಳಬೇಕು. ವರ್ಣನಿಂದೆಯನ್ನು ಮಕ್ಕಳ ಚೇಷ್ಟೆಯೆಂದು ಕಡೆಗಣಿಸಬಾರದೆಂದು ಶಿಕ್ಷಕರ ತರಬೇತಿಯಲ್ಲಿಯೇ ಸ್ಪಷ್ಟವಾಗಿ ವಿಧಿಸಬೇಕು. ಮುಂದಿನ ವರ್ಷದ ಪುಸ್ತಕಗಳು ಅಚ್ಚಿಗೆ ಹೋಗುವ ಮೊದಲೇ ಈ ಮನವಿಯನ್ನು ಕರ್ನಾಟಕ ಪಠ್ಯಪುಸ್ತಕ ಸಂಘಕ್ಕೆ ತಮ್ಮ ಆದೇಶದೊಡನೆ ಕಳುಹಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಓರ್ವ ಕನ್ನಡಿಗ