ಆರಿಸಿದ್ದು ದೇವರು, ಅಳೆದದ್ದು ಯಾರು?

ದೇವರು ನಾಯಕರನ್ನು ಆರಿಸುವಾಗ ಕುಲ, ಓದು, ಮಾತುಗಾರಿಕೆ ನೋಡುವುದಿಲ್ಲ ಅಂತ ಕ್ರೈಸ್ತರು ನಂಬುತ್ತಾರೆ. ಬೈಬಲಿನ ಮೋಶೆಗೆ ಸರಾಗವಾಗಿ ಮಾತೇ ಬರುತ್ತಿರಲಿಲ್ಲ. ಆಮೋಸ ಕುರಿ ಕಾಯುವವನು. ಪೇತ್ರ ಬಲೆ ಬೀಸುವ ಬೆಸ್ತ. ಚರ್ಚಿನಲ್ಲಿ ಕೂತು ಕೇಳೋಕೆ ಇದು ಚೆಂದ. ಅಂಥವನೊಬ್ಬ ನಿಜವಾಗಿ ಬಾಗಿಲಿಗೆ ಬಂದು ನಿಂತರೆ? ಉತ್ತರ ಪಂಜಾಬಿನ ಸಿಯಾಲ್‌ಕೋಟ್ ಜಿಲ್ಲೆಯಲ್ಲಿದೆ. ಈಗ ಅದು ಪಾಕಿಸ್ತಾನಕ್ಕೆ ಸೇರಿದೆ.

ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನರಿಗಳು 1855ರಲ್ಲಿ ಅಲ್ಲಿಗೆ ಬಂದರು. ಮೇಲ್ಜಾತಿಯವರು ಮೊದಲು ಬಂದರೆ ಉಳಿದವರು ಹಿಂದೆ ಬರ್ತಾರೆ ಅನ್ನೋದು ಆ ಕಾಲದ ಬಹಳ ಮಿಷನರಿಗಳ ಲೆಕ್ಕ. ಹದಿನೆಂಟು ವರ್ಷ ಕಳೆದರೂ ಲೆಕ್ಕ ಕೂಡಲಿಲ್ಲ. 1873ರಲ್ಲಿ ಬಂದವನು ದಿತ್. ಕಸ, ಸಗಣಿ, ಸತ್ತ ದನ ಎತ್ತುವ ಚೂಹ್ರಾ ಜಾತಿಯವನು. ಆ ಜಾತಿಯ ಹೆಸರೇ ಅಲ್ಲಿ ಬೈಗುಳ. ಒಂದು ಕಾಲು ಕುಂಟು, ಅಕ್ಷರ ಬಾರದು, ಚರ್ಮ ಕೊಂಡು ಮಾರುವುದು ಕಸುಬು. ದೀಕ್ಷಾಸ್ನಾನ ಕೊಡಿ, ಕೂಡಲೇ ಊರಿಗೆ ಹೋಗ್ತೀನಿ ಅಂದ. ಮಿಷನರಿ ಸ್ಯಾಮ್ಯುಯೆಲ್ ಮಾರ್ಟಿನ್ ಹಿಂದುಮುಂದು ನೋಡಿದರು. ಕಲಿಸಲು ಇಲ್ಲೇ ಇಟ್ಟುಕೊಳ್ಳೋಣ ಅಂದರೆ ಇವನು ನಿಲ್ಲೋದಿಲ್ಲ. ಬೇಡ ಅನ್ನಲು ಬೈಬಲಿನಲ್ಲಿ ಕಾರಣ ಸಿಗಲಿಲ್ಲ. ಕೊಟ್ಟರು.

ದಿತ್ ತನ್ನವರ ಬಳಿಗೆ ವಾಪಸು ಹೋದ. ನೆಂಟರು ಮೂದಲಿಸಿದರು, ಜಗ್ಗಲಿಲ್ಲ. ಅದೇ ವರ್ಷ ಹೆಂಡತಿ, ಮಗಳು, ನೆರೆಯವರಿಬ್ಬರನ್ನು ಕರೆದುಕೊಂಡು ಸುಮಾರು ಮೂವತ್ತು ಮೈಲಿ ನಡೆದು ಸಿಯಾಲ್‌ಕೋಟಿಗೆ ಬಂದ, ಅದೇ ಕುಂಟು ಕಾಲಲ್ಲಿ. ಚರ್ಮದ ವ್ಯಾಪಾರ ಬಿಡಲಿಲ್ಲ. ಹೋದ ಹಳ್ಳಿಯಲ್ಲೆಲ್ಲ ತನ್ನವರಿಗೆ ವಿಷಯ ಹೇಳಿದ. 1900ರ ಹೊತ್ತಿಗೆ ಆ ಜಿಲ್ಲೆಯ ಚೂಹ್ರಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕ್ರೈಸ್ತರಾಗಿದ್ದರು.

ಇದನ್ನು ಪವಾಡ ಅನ್ನುವವರು ಅನ್ನಲಿ. ನಾವು ಕೇಳೋದು ಬೇರೆ. ಇವನಿಂದೇನಾಗುತ್ತೆ ಅಂತ ದಿತ್‌ನನ್ನು ಅಳೆದ ಕೋಲು ಯಾರದು? ಮಿಷನ್ನಿನ ಅಂಗಳದಲ್ಲೇ ಉಳಿದಿದ್ದರೆ ಅವನು ಒಬ್ಬ ಒಳ್ಳೆಯ ಶಿಷ್ಯನಾಗುತ್ತಿದ್ದ. ತನ್ನವರ ಬಳಿಗೆ ಮರಳಿದ್ದಕ್ಕೇ ನಾಯಕನಾದ. ಕೀಳು ಅಂದ ಚರ್ಮದ ಕಸುಬೇ ಅವನನ್ನು ಹಳ್ಳಿ ಹಳ್ಳಿಗೆ ಒಯ್ದಿತು.

ಆದರೆ ಕಥೆ ಇಲ್ಲಿಗೆ ಮುಗಿಯೋದಿಲ್ಲ. ಧರ್ಮ ಬದಲಾದರೂ ಪೊರಕೆ ಕೈ ಬಿಡಲಿಲ್ಲ. ಪಾಕಿಸ್ತಾನದ ನಗರಗಳಲ್ಲಿ ಚರಂಡಿಗೆ ಇಳಿಯುವವರಲ್ಲಿ ಇವತ್ತಿಗೂ ಹೆಚ್ಚಿನವರು ಕ್ರೈಸ್ತರು. ನಮ್ಮ ದೇಶದ ಚರ್ಚುಗಳದೂ ಬೇರೆ ಕಥೆಯಲ್ಲ. ಭಾರತದ ಕ್ಯಾಥೊಲಿಕರಲ್ಲಿ ದಲಿತರದು ದೊಡ್ಡ ಪಾಲು. ಆದರೂ ಮೊದಲ ಬಾರಿಗೆ ದಲಿತರೊಬ್ಬರು, ಹೈದರಾಬಾದಿನ ಆರ್ಚ್‌ಬಿಷಪ್ ಆಂಥೋನಿ ಪೂಲಾ, ಕಾರ್ಡಿನಲ್ ಆದದ್ದು 2022ರಲ್ಲಿ. ದೇವರು ಕೆಳಗಿನವರನ್ನು ಆರಿಸುತ್ತಾನೆ ಅಂತ ಬೋಧಿಸಿದವರೇ, ಆರಿಸುವ ಸರದಿ ತಮ್ಮದಾದಾಗ ಇಷ್ಟು ತಡಮಾಡಿದರು.

ಹಾಸ್ಟೆಲಿನ ಗೆಳೆಯರೇ, ದಿತ್‌ಗೆ ಸಿಗದ ಓದು ನಮಗೆ ಸಿಕ್ಕಿದೆ. ಓದು ಬೇಕು, ಪದವಿ ಬೇಕು, ಕುರ್ಚಿಯೂ ಬೇಕು. ಆದರೆ ಮೇಲಿನವರು ಯಾರೋ ಬಂದು ನಮ್ಮನ್ನು ಆರಿಸಲಿ ಅಂತ ಕಾಯೋದು ಬೇಡ. ರಜೆಗೆ ಕೇರಿಗೆ ಹೋದಾಗ ಚಪ್ಪಲಿ ಹೊಲಿಯುವ ಅಣ್ಣನ ಜೊತೆ, ಕೂಲಿಗೆ ಹೋಗುವ ಅಕ್ಕನ ಜೊತೆ ಕೂತು ಮಾತಾಡೋಣ. ನಾಳಿನ ಸಭೆಗೆ ಅವರನ್ನೇ ಮುಂದೆ ಕರೆಯೋಣ. ಅಕ್ಷರ ಬಾರದು ಅಂತ ಅವರನ್ನು ನಾವೇ ಹಿಂದಿನ ಸಾಲಿಗೆ ತಳ್ಳಿದರೆ, ದಿತ್‌ನನ್ನು ಅಳೆದ ಆ ಕೋಲು ಈಗ ನಮ್ಮ ಕೈಗೆ ಬಂದಿದೆ ಅಂತಲೇ ಅರ್ಥ.