ನೀರಗಂಟಿಯ ನ್ಯಾಯ

ನಮ್ಮ ಬಯಲುಸೀಮೆಯ ಕೆರೆಯೂರುಗಳಲ್ಲಿ ನೀರಗಂಟಿ ಎಂಬವನೊಬ್ಬನಿರುತ್ತಿದ್ದನು. ಕೆರೆಯ ತೂಬನ್ನು ಎತ್ತಿ ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ಗೊತ್ತುಮಾಡುವುದು ಅವನ ಕೆಲಸ. ತೂಬಿನ ಬಳಿಯ ಗದ್ದೆಗೆ ನೀರು ತಾನಾಗಿಯೇ ಬರುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ಯಾರಾದರೂ ಹರಿಸದೆ ಬರುವುದಿಲ್ಲ. ಮಳೆ ಕಡಿಮೆಯಾದ ವರ್ಷ ನೀರಗಂಟಿಯು ಮೇಲಿನ ಗದ್ದೆಯ ಮಡೆಯನ್ನು ಕಟ್ಟಿ ಕೆಳಗಿನ ಗದ್ದೆಗೆ ಸರದಿ ಕೊಟ್ಟರೆ, ಅದನ್ನು ಯಾರೂ ದಾನವೆಂದು ಕರೆಯುತ್ತಿರಲಿಲ್ಲ. ಕೆರೆ ಊರಿನದು, ನೀರಿನಲ್ಲಿ ಎಲ್ಲರಿಗೂ ಪಾಲುಂಟು ಎಂಬುದೇ ಅದರ ಅರ್ಥವಾಗಿತ್ತು.

ವಿದ್ಯೆ ಮತ್ತು ಉದ್ಯೋಗಗಳಲ್ಲಿ ಮೀಸಲಾತಿ ಬೇಕೆ, ಬೇಡವೆ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ಈ ನೀರಗಂಟಿಯ ನೆನಪಾಗುತ್ತದೆ.

ಈ ಚರ್ಚೆ ಹೊಸದಲ್ಲ. ನೂರು ವರ್ಷಗಳಿಗೂ ಹಿಂದೆ ಅದು ಮೈಸೂರು ಸಂಸ್ಥಾನದಲ್ಲಿಯೇ ನಡೆದಿತ್ತು. ಅಂದು ಸರ್ಕಾರದ ಉನ್ನತ ಹುದ್ದೆಗಳಲ್ಲಿ ಬಹುಪಾಲು, ಜನಸಂಖ್ಯೆಯಲ್ಲಿ ಅಲ್ಪವಾಗಿದ್ದು ಇಂಗ್ಲಿಷ್ ವಿದ್ಯೆಯನ್ನು ಮೊದಲೇ ಕೈಗೊಂಡಿದ್ದ ಬ್ರಾಹ್ಮಣ ಸಮುದಾಯದವರಲ್ಲಿತ್ತು. ಇತರ ಸಮುದಾಯಗಳ ಮುಖಂಡರು ತಮ್ಮ ಅಳಲನ್ನು ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ ಬಿನ್ನವಿಸಿಕೊಂಡರು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಮರುವರ್ಷ ವರದಿ ಬಂದಿತು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳದರ್ಜೆಯ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಭಾಗಕ್ಕೆ ಕಡಿಮೆಯಿಲ್ಲದಂತೆ ಬ್ರಾಹ್ಮಣೇತರ ಸಮುದಾಯಗಳಿಗೆ ದೊರೆಯಬೇಕೆಂದು ಸಮಿತಿಯು ಸಲಹೆಯಿತ್ತಿತು. 1921ರಲ್ಲಿ ಸರ್ಕಾರದ ಆಜ್ಞೆಯೂ ಹೊರಟಿತು.

ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ಮಾರ್ಗ ಒಪ್ಪಿಗೆಯಾಗಲಿಲ್ಲ. ಹುದ್ದೆಗೆ ಅರ್ಹತೆಯೇ ಅಳತೆಗೋಲಾಗಬೇಕು, ಹಿಂದುಳಿದವರನ್ನು ವಿದ್ಯೆಯ ಮೂಲಕ ಮೇಲೆತ್ತಬೇಕು ಎಂಬುದು ಅವರ ನಿಲುವು. 1918ರ ಕೊನೆಯಲ್ಲಿ ಅವರು ದಿವಾನಗಿರಿಯನ್ನು ಬಿಟ್ಟುದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣವೆಂದು ಹೇಳುವುದುಂಟು. ಅವರದು ಸಣ್ಣ ಮನಸ್ಸಿನ ಮಾತಲ್ಲ. ಪ್ರಾಥಮಿಕ ಶಿಕ್ಷಣದ ಶಾಸನ ಬಂದುದೂ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದುದೂ ಅವರ ಕಾಲದಲ್ಲಿಯೇ. ಹೀಗೆ ನಾಡು ಗೌರವಿಸುವ ಇಬ್ಬರು ಮಹನೀಯರು ಒಂದು ಪ್ರಶ್ನೆಯ ಎರಡು ಬದಿಗಳಲ್ಲಿ ನಿಂತಿದ್ದರು.

ನನ್ನ ಮನಸ್ಸು ಮಹಾರಾಜರ ಕಡೆಗೆ ವಾಲುತ್ತದೆ. ಅರ್ಹತೆ ದೊಡ್ಡದು, ನಿಜ. ಆದರೆ ಕೊನೆಯ ಗದ್ದೆಯ ಪೈರು ಬಡಕಲಾಗಿದ್ದರೆ ಅದನ್ನು ಬೀಜದ ದೋಷವೆನ್ನಬಹುದೆ? ಒಬ್ಬ ಹುಡುಗನ ಮನೆಯಲ್ಲಿ ಅಜ್ಜನ ಕಾಲದಿಂದ ಪುಸ್ತಕಗಳಿವೆ. ಇನ್ನೊಬ್ಬನು ತನ್ನ ವಂಶದಲ್ಲಿಯೇ ಅಕ್ಷರ ಕಲಿತ ಮೊದಲಿಗನು. ಬೆಳಗಿನ ಕೂಲಿ ಮುಗಿಸಿ ಶಾಲೆಗೆ ಬಂದವನು. ಪರೀಕ್ಷೆಯಲ್ಲಿ ಮೊದಲನೆಯವನಿಗೆ ಎಂಬತ್ತು, ಎರಡನೆಯವನಿಗೆ ಎಪ್ಪತ್ತು ಅಂಕಗಳು ಬಂದರೆ, ಯಾರು ಎಷ್ಟು ದೂರ ನಡೆದು ಬಂದರೆಂಬುದನ್ನು ಆ ಅಂಕಗಳು ಹೇಳುವುದಿಲ್ಲ.

ಮೀಸಲಾತಿಯಿಂದ ವೈದ್ಯರ, ಇಂಜಿನಿಯರರ ಗುಣಮಟ್ಟ ಕುಸಿಯುವುದೆಂದು ಕೆಲವರು ಆತಂಕಪಡುತ್ತಾರೆ. ಮೀಸಲಾತಿಯು ಕಾಲೇಜಿನ ಬಾಗಿಲನ್ನು ತೆರೆಯುತ್ತದೆಯೇ ಹೊರತು ಪದವಿಯನ್ನು ಕೈಗಿಡುವುದಿಲ್ಲ. ಒಳಗೆ ಹೋದ ಮೇಲೆ ಎಲ್ಲರೂ ಒಂದೇ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಬಡತನವನ್ನಷ್ಟೇ ನೋಡಿದರೆ ಸಾಲದೆ, ಜಾತಿಯೇಕೆ ಎಂದು ಕೇಳುವವರೂ ಉಂಟು. ಬಡತನ ಎಲ್ಲ ಜಾತಿಗಳಲ್ಲಿಯೂ ಇದೆ. 2019ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು, ಇತರ ಮೀಸಲಾತಿಗಳ ವ್ಯಾಪ್ತಿಗೆ ಬಾರದ ಬಡವರಿಗೆ ಶೇಕಡಾ 10ರವರೆಗೆ ಅವಕಾಶ ಕಲ್ಪಿಸಿರುವುದೂ ಅದಕ್ಕಾಗಿಯೇ. ಆದರೆ ಮೊದಲು ಹೇಳಿದ ನೀರಗಂಟಿಯನ್ನು ಮತ್ತೆ ನೆನೆಯಿರಿ. ಹಲವು ಊರುಗಳಲ್ಲಿ ಅವನು ಅಸ್ಪೃಶ್ಯರೆನಿಸಿಕೊಂಡವರ ಕೇರಿಯವನು. ಊರಿನ ಗದ್ದೆಗಳಿಗೆಲ್ಲ ನೀರು ಹಂಚಿದ ಆ ಕೈ ಊರ ಬಾವಿಯ ನೀರನ್ನು ಸೇದುವಂತಿರಲಿಲ್ಲ. ಅವನನ್ನು ತಡೆದದ್ದು ಬಡತನವಲ್ಲ. ಹುಟ್ಟಿನ ಕಾರಣದಿಂದ ಮುಚ್ಚಿದ ಬಾಗಿಲನ್ನು ಹುಟ್ಟನ್ನು ಗಮನಿಸಿಯೇ ತೆರೆಯಬೇಕಾಗುತ್ತದೆ.

ಹಾಗೆಂದು ಮೀಸಲಾತಿಗೆ ಮಿತಿಯೇ ಇಲ್ಲವೆಂದಲ್ಲ. ವೃತ್ತಿ ಶಿಕ್ಷಣದ ಕಾಲೇಜುಗಳಲ್ಲಿ ಶೇಕಡಾ 68ರಷ್ಟು ಸ್ಥಾನಗಳನ್ನು ಮೀಸಲಿಟ್ಟ ಮೈಸೂರು ರಾಜ್ಯದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ತಳ್ಳಿಹಾಕಿತು. ಇತರ ಹಿಂದುಳಿದ ವರ್ಗಗಳಲ್ಲಿ ಮುಂದುವರಿದಿರುವ 'ಕೆನೆಪದರ'ವನ್ನು ಮೀಸಲಾತಿಯಿಂದ ಹೊರಗಿಡಬೇಕೆಂದು 1992ರಲ್ಲಿ ಹೇಳಿತು. ಪರಿಶಿಷ್ಟ ಜಾತಿಗಳಲ್ಲಿ ಹೆಚ್ಚು ಹಿಂದುಳಿದವರಿಗೆ ಒಳಮೀಸಲಾತಿ ನೀಡಬಹುದೆಂದು 2024ರಲ್ಲಿ ತೀರ್ಪಿತ್ತಿತು. ನಡುವಿನ ಗದ್ದೆಗಳೇ ನೀರನ್ನೆಲ್ಲ ಹೀರಿಕೊಂಡರೆ ಕೊನೆಯ ಗದ್ದೆ ಒಣಗಿಯೇ ಉಳಿಯುತ್ತದೆ. ಇದನ್ನು ಮೀಸಲಾತಿಯ ಪರವಾಗಿರುವವರು ಮೊದಲು ಒಪ್ಪಬೇಕು.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಅಧ್ಯಾಪಕ ವೃತ್ತಿಯ ಮೊದಲ ವರ್ಷಗಳಲ್ಲಿ, ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಸಲೆಂದು ತರಗತಿಯಲ್ಲಿ ಜಾತಿಯ ಹೆಸರನ್ನು ಕೂಗಿ ಮಕ್ಕಳನ್ನು ಎದ್ದು ನಿಲ್ಲಿಸಿದೆ. ಗಣಿತದಲ್ಲಿ ತರಗತಿಗೇ ಮೊದಲಿಗನಾಗಿದ್ದ ಹುಡುಗನೊಬ್ಬನು ಏಳಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲ ಬಳಿ ನಿಂತು, "ಸಾರ್, ನನಗೆ ಆ ದುಡ್ಡು ಬೇಡ. ನಾಳೆಯೂ ಎದ್ದು ನಿಲ್ಲಿ ಅನ್ನಬೇಡಿ" ಎಂದನು. ಅವನ ಮನೆಗೆ ಆ ಹಣ ಎಷ್ಟು ಅಗತ್ಯವೆಂದು ನಾನು ಬಲ್ಲೆ. ಹಕ್ಕಾಗಿ ಸಲ್ಲಬೇಕಾದುದನ್ನು ನಾನು ಭಿಕ್ಷೆಯಂತೆ ಕೊಡಹೊರಟಿದ್ದೆ. ಅಂದೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಜಿಯನ್ನು ತುಂಬಿದೆ. ಮುಂದೆ ಎಂದೂ ತರಗತಿಯಲ್ಲಿ ಜಾತಿಯನ್ನು ಕೂಗಲಿಲ್ಲ.

ಮೀಸಲಾತಿ ಎಂದಿನವರೆಗೆ ಎಂದು ಎಲ್ಲರೂ ಕೇಳುತ್ತಾರೆ. ಕಾನೂನು ಸ್ಥಾನವನ್ನು ಕೊಡಬಲ್ಲುದು. ಆ ಸ್ಥಾನದಲ್ಲಿ ಕುಳಿತವನಿಗೆ ಗೌರವವನ್ನು ಕೊಡಬೇಕಾದವರು ನಾವು. ಕೊನೆಯ ಗದ್ದೆಯವರೆಗೆ ನೀರು ತಡೆಯಿಲ್ಲದೆ ಹರಿಯುವ ದಿನ ಸರದಿಯ ಅಗತ್ಯವಿರುವುದಿಲ್ಲ. ಆ ದಿನವನ್ನು ಹತ್ತಿರ ತರುವ ಕೆಲಸ ನಿಮ್ಮ ತರಗತಿಯಿಂದಲೇ ಆರಂಭವಾಗಬಹುದು. ಪಕ್ಕದಲ್ಲಿ ಕುಳಿತವನು ಯಾವ ಬಾಗಿಲಿನಿಂದ ಬಂದನೆಂದು ಕೇಳಬೇಡಿರಿ; ಅವನೊಡನೆ ಕೂಡಿ ಓದಿರಿ.