ನಾಲ್ಕು ಬೋಲ್ಟು, ಒಂದು ಬೀಗ

ಪರಿಸರದ ಪತ್ರಿಕೆಯಲ್ಲಿ ಕಾರಿನ ಗೇರುಪೆಟ್ಟಿಗೆಯ ವಿಚಾರವೇಕೆ ಎಂದು ಓದುಗ ಮಿತ್ರರು ಹುಬ್ಬೇರಿಸಬಹುದು. ದಿನಕ್ಕೆ ಎರಡೇ ಬಸ್ಸು ಬರುವ, ಮಳೆಗಾಲದಲ್ಲಿ ಅದಕ್ಕೂ ಖಾತ್ರಿಯಿಲ್ಲದ ನಮ್ಮ ಘಟ್ಟದ ಊರುಗಳಲ್ಲಿ ಅಂಗಳದ ಹಳೆಯ ಕಾರು ಐಷಾರಾಮದ ವಸ್ತುವಲ್ಲ. ಆಸ್ಪತ್ರೆಗೆ, ಅಡಿಕೆ ಮಂಡಿಗೆ, ಮಕ್ಕಳ ಪರೀಕ್ಷೆಗೆ ಅದೇ ಆಧಾರ. ಆ ಕಾರು ಕೆಟ್ಟಾಗ ಅದನ್ನು ದುರಸ್ತಿ ಮಾಡುವ ಅಧಿಕಾರ ಯಾರದ್ದು? ಈ ಪ್ರಶ್ನೆಗೂ ನಾವು ಇಷ್ಟು ವರ್ಷ ಎತ್ತುತ್ತ ಬಂದಿರುವ ಬೀಜದ ಪ್ರಶ್ನೆಗೂ ಹತ್ತಿರದ ನಂಟಿದೆ ಎಂಬುದು ಕಳೆದ ಮಳೆಗಾಲದಲ್ಲಿ ನನ್ನ ಅನುಭವಕ್ಕೆ ಬಂತು.

ನಮ್ಮದು ಕ್ಲಚ್ ಪೆಡಲ್ ಇಲ್ಲದ ಕಾರು. ಅದರ ಗೇರುಪೆಟ್ಟಿಗೆಯ ರಚನೆ ಹಳೆಯ ಮಾದರಿಯದೇ. ಆದರೆ ಕ್ಲಚ್ ಒತ್ತುವ, ಗೇರು ಬದಲಿಸುವ ಕೆಲಸವನ್ನು ನಮ್ಮ ಕೈಕಾಲಿನ ಬದಲು ಯಂತ್ರವೇ ಮಾಡುತ್ತದೆ. ಅದಕ್ಕೆ ಆಜ್ಞೆ ನೀಡುವುದು ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್ ಎಂಬ ಅಂಗೈಯಗಲದ ವಿದ್ಯುನ್ಮಾನ ಪೆಟ್ಟಿಗೆ. ಕಾರಿನ ವೇಗ, ಎಂಜಿನ್ನಿನ ಸುತ್ತು, ಆಕ್ಸಿಲರೇಟರ್ ಒತ್ತಿದ ಪ್ರಮಾಣ, ಬ್ರೇಕಿನ ಸ್ಥಿತಿ ಇವೆಲ್ಲವನ್ನೂ ಸಂವೇದಕಗಳಿಂದ ತಿಳಿದುಕೊಂಡು, ಯಾವ ಗೇರು ಯಾವಾಗ ಎಂಬುದನ್ನು ಅದು ನಿರ್ಧರಿಸುತ್ತದೆ. 2014ರಿಂದೀಚೆಗೆ ಭಾರತದ ಅಗ್ಗದ ಕಾರುಗಳಲ್ಲಿಯೂ ಈ ವ್ಯವಸ್ಥೆ ಬಂದಿದೆ.

ಆಷಾಢದ ಒಂದು ಸಂಜೆ ನೆರೆಮನೆಯ ಹಿರಿಯರೊಬ್ಬರನ್ನು ಆಸ್ಪತ್ರೆಯಿಂದ ಕರೆತರುತ್ತಿದ್ದೆ. ಘಾಟಿಯ ತಿರುವಿನಲ್ಲಿ ಗೇರಿನ ಅಂಕಿ ಮಾಯವಾಯಿತು, ಎಂಜಿನ್ ಗರ್ಜಿಸಿತು, ಕಾರು ಮಾತ್ರ ಮುಂದೆ ಸಾಗಲಿಲ್ಲ. ಹಿಂದೆ ಬರುತ್ತಿದ್ದ ಲಾರಿಯವರು ಇಳಿದು, ಕಾರನ್ನು ಬದಿಗೆ ತಳ್ಳಿಕೊಟ್ಟರು.

ನಮ್ಮೂರಿನ ಮೆಕ್ಯಾನಿಕ್ ಮೊದಲು ಬ್ಯಾಟರಿಯ ವೋಲ್ಟೇಜ್ ನೋಡಿದರು, ಅರ್ಥ್ ತಂತಿ ಪರೀಕ್ಷಿಸಿದರು. ಅವರ ಸಣ್ಣ ಸ್ಕ್ಯಾನರ್ ಯು0101 ಎಂಬ ಸಂಕೇತ ತೋರಿಸಿತು: ಮಾಡ್ಯೂಲ್ ಜೊತೆಗಿನ ಸಂಪರ್ಕ ಕಡಿದಿದೆ ಎಂದು ಅದರರ್ಥ. ಮಾಡ್ಯೂಲೇ ಕೆಟ್ಟಿದೆ ಎಂದು ಅದರರ್ಥವಲ್ಲ. ಕನೆಕ್ಟರ್ ಬಿಚ್ಚಿದಾಗ ಪಿನ್ನುಗಳ ಮೇಲೆ ಮೈಲುತುತ್ತದ ಬಣ್ಣದ ಕಿಲುಬು ಕಂಡಿತು. ಅದನ್ನು ಶುಚಿಗೊಳಿಸಿದ ಮೇಲೆ ಕಾರು ಮೂರು ವಾರ ಸರಾಗವಾಗಿ ಓಡಿತು. ಆಮೇಲೆ ಮತ್ತೆ ನಿಂತಿತು. ಈ ಬಾರಿ ತಂತಿಗಳೆಲ್ಲ ಸರಿಯಿದ್ದವು. ನೀರು ಪೆಟ್ಟಿಗೆಯ ಒಳಗೇ ಇಳಿದಿತ್ತು.

ಬದಲಿಸುವುದು ಕಷ್ಟವೇ? ಬ್ಯಾಟರಿಯ ಋಣಾಗ್ರದ ತಂತಿ ತೆಗೆದು, ಕನೆಕ್ಟರ್ ಕಳಚಿ, ನಾಲ್ಕು ಬೋಲ್ಟು ಬಿಚ್ಚಿದರೆ ಆಯಿತು. ಅಪಘಾತದಲ್ಲಿ ಗುಜರಿಗೆ ಸೇರಿದ್ದ ಅದೇ ಮಾದರಿಯ ಕಾರಿನ ಮಾಡ್ಯೂಲನ್ನು, ಬಿಡಿಭಾಗದ ಸಂಖ್ಯೆ ತಾಳೆ ನೋಡಿ ತಂದು ಕೂರಿಸಿದೆವು. ಅರ್ಧ ಗಂಟೆಯ ಕೆಲಸ. ಆದರೆ ಕಾರು ಅಲುಗಲಿಲ್ಲ. ಪೆಟ್ಟಿಗೆಯ ನೆನಪಿನಲ್ಲಿ ಹಿಂದಿನ ಕಾರಿನ ಗುರುತಿನ ಸಂಖ್ಯೆ ಅಚ್ಚಾಗಿತ್ತು. ಅದನ್ನು ಅಳಿಸಿ ನಮ್ಮ ಕಾರಿನ ಸಂಖ್ಯೆ ಬರೆಯಬೇಕು, ಬಳಿಕ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಅದಕ್ಕೆ ಹೊಸದಾಗಿ ಕಲಿಸಬೇಕು. ನಮ್ಮವರ ಸ್ಕ್ಯಾನರಿಗೆ ಓದಲು ಬರುತ್ತಿತ್ತು. ಬರೆಯುವ ಅನುಮತಿ ಇರಲಿಲ್ಲ.

ಕಡೆಗೆ ಕಾರನ್ನು ಲಾರಿಯ ಮೇಲೇರಿಸಿ ಎಂಬತ್ತು ಕಿಲೋಮೀಟರ್ ದೂರದ ಸೇವಾಕೇಂದ್ರಕ್ಕೆ ಒಯ್ದೆವು. ಹಳೆಯ ಪೆಟ್ಟಿಗೆಗೆ ಪ್ರೋಗ್ರಾಮ್ ಹಾಕುವುದಿಲ್ಲ, ಹೊಸದನ್ನೇ ಕೊಳ್ಳಬೇಕು ಎಂಬ ಉತ್ತರ ಬಂತು. ಲಾರಿ ಬಾಡಿಗೆ ಸೇರಿ ನಲವತ್ತಾರು ಸಾವಿರ ರೂಪಾಯಿ ತೆತ್ತೆವು. ಕೆಟ್ಟ ಪೆಟ್ಟಿಗೆಯೊಂದು, ಸುಸ್ಥಿತಿಯಲ್ಲಿದ್ದೂ ನಿಷ್ಪ್ರಯೋಜಕವಾದ ಪೆಟ್ಟಿಗೆಯೊಂದು ಈಗ ನನ್ನ ಮೇಜಿನ ಮೇಲಿವೆ. ತಾಮ್ರ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಎಲ್ಲವೂ ಯಾವುದೋ ನೆಲ ಅಗೆದು ತಂದವು. ಎರಡನೆಯದನ್ನು ಕಸ ಮಾಡಿದ್ದು ಯಂತ್ರದೋಷವಲ್ಲ, ಒಂದು ಬೀಗ.

ಈ ಬೀಗಕ್ಕೆ ಸಮರ್ಥನೆಯೇ ಇಲ್ಲವೆಂದು ನಾನು ಹೇಳಲಾರೆ. ಕದ್ದ ಕಾರಿನ ಬಿಡಿಭಾಗಗಳ ಮಾರಾಟವನ್ನು ಅದು ತಡೆಯುತ್ತದೆ. ತಪ್ಪು ಪ್ರೋಗ್ರಾಮ್ ಹಾಕಿದ ಗೇರು ಘಾಟಿಯಲ್ಲಿ ಪ್ರಾಣಕ್ಕೇ ಎರವಾದೀತು. ಆದರೆ ಇದಕ್ಕೆ ಪರಿಹಾರ, ತರಬೇತಿ ಪಡೆದು ನೋಂದಾಯಿಸಿಕೊಂಡ ಸ್ವತಂತ್ರ ಮೆಕ್ಯಾನಿಕ್‌ಗಳಿಗೆ ಕೀಲಿ ನೀಡುವುದೇ ಹೊರತು ಎಲ್ಲರನ್ನೂ ಹೊರಗಿಡುವುದಲ್ಲ.

ಕೃಷಿವಿಜ್ಞಾನಿಯಾದ ನನಗೆ ಇಲ್ಲಿ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ನೆನಪಾಗುತ್ತದೆ. ತಳಿಯ ಹಕ್ಕು ಕಂಪನಿಯದ್ದಾಗಿದ್ದರೂ, ತಾನು ಬೆಳೆದ ಬೀಜವನ್ನು ಉಳಿಸುವ, ಮತ್ತೆ ಬಿತ್ತುವ, ಹಂಚುವ, ಬ್ರ್ಯಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನು ಅದು ರೈತನಿಗೆ ಉಳಿಸಿಕೊಟ್ಟಿತು. ಸಂಶೋಧಕನ ಶ್ರಮಕ್ಕೆ ಬೆಲೆಯಿದೆ, ಕೊಂಡವನ ಸ್ವಾತಂತ್ರ್ಯಕ್ಕೂ ಬೆಲೆಯಿದೆ ಎಂಬ ಈ ನ್ಯಾಯ ಯಂತ್ರಕ್ಕೇಕೆ ಸಲ್ಲಬಾರದು?

ಬೇರೆಡೆ ಇದು ಸಲ್ಲತೊಡಗಿದೆ. ದುರಸ್ತಿಯ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ನೀಡಬೇಕೆಂದು ಐರೋಪ್ಯ ಒಕ್ಕೂಟ 2007ರಲ್ಲಿಯೇ ನಿಯಮ ಮಾಡಿತು. ಅಮೆರಿಕದ ಮಸಾಚುಸೆಟ್ಸ್‌ನಲ್ಲಿ 2012ರಲ್ಲಿ ಮತದಾರರೇ ವಾಹನ ದುರಸ್ತಿಯ ಹಕ್ಕನ್ನು ಎತ್ತಿಹಿಡಿದರು. ಕೊಲರಾಡೊ 2023ರಲ್ಲಿ ಕೃಷಿಯಂತ್ರಗಳಿಗೂ ಈ ಹಕ್ಕನ್ನು ಕಾನೂನಾಗಿಸಿತು. ನಮ್ಮಲ್ಲಿ 2014ರ ಆಗಸ್ಟ್‌ನಲ್ಲಿ ಸ್ಪರ್ಧಾ ಆಯೋಗವು, ಬಿಡಿಭಾಗ ಹಾಗೂ ತಪಾಸಣಾ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಂದ ದೂರವಿಟ್ಟಿದ್ದಕ್ಕಾಗಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು, ಮೇಲ್ಮನವಿಗಳು ಹಿಂಬಾಲಿಸಿದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಕುರಿತು ಸಮಿತಿ ರಚಿಸಿ, ಕೃಷಿ ಉಪಕರಣ ಮತ್ತು ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಡಿಸೆಂಬರ್‌ನಲ್ಲಿ ಜಾಲತಾಣವನ್ನೂ ತೆರೆಯಿತು. ಸ್ವಾಗತಾರ್ಹ ಹೆಜ್ಜೆಯಿದು. ಆದರೆ ಕೈಪಿಡಿ ಪ್ರಕಟಿಸಿದ ಮಾತ್ರಕ್ಕೆ ಬೀಗ ತೆರೆಯದು. ಪ್ರೋಗ್ರಾಮ್ ಬರೆಯುವ ಉಪಕರಣವೂ ನ್ಯಾಯವಾದ ಬೆಲೆಗೆ ಸಿಗಬೇಕು.

ನಾವೇನು ಮಾಡಬಹುದು? ಕನೆಕ್ಟರ್, ಅರ್ಥ್, ಬ್ಯಾಟರಿ ಪರೀಕ್ಷಿಸದೆ ಮಾಡ್ಯೂಲ್ ಬದಲಿಸಲು ಒಪ್ಪಬೇಡಿ. ಬದಲಿಸಿದರೆ ಕಾರಣವನ್ನು ಬರೆಸಿಕೊಂಡು, ಹಳೆಯ ಪೆಟ್ಟಿಗೆಯನ್ನು ಕೇಳಿ ಪಡೆಯಿರಿ. ಅನ್ಯಾಯವೆನಿಸಿದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ನೀಡಿ. ಕಳೆ ಕೊಚ್ಚುವ ಯಂತ್ರ ಬಾಡಿಗೆಗೆ ನೀಡುವ ನಮ್ಮ ಸಹಕಾರ ಸಂಘಗಳು ಒಂದು ಒಳ್ಳೆಯ ಸ್ಕ್ಯಾನರನ್ನೂ ಕೊಳ್ಳಲಿ. ಊರಿನ ಮೆಕ್ಯಾನಿಕ್‌ಗಳು ಹಂಚಿಕೊಂಡು ಬಳಸಲಿ. ಐಟಿಐ, ಪಾಲಿಟೆಕ್ನಿಕ್ ಓದುತ್ತಿರುವ ವಿದ್ಯಾರ್ಥಿಗಳು ಈ ವಿದ್ಯೆಯನ್ನು ಕಲಿತು ಊರಿಗೆ ತರಲಿ.

ಇಂದು ಕಾರಿಗೆ ಬಿದ್ದ ಬೀಗ ನಾಳೆ ಪವರ್ ಟಿಲ್ಲರಿಗೆ, ಪಂಪ್‌ಸೆಟ್ಟಿಗೆ ಬೀಳುವುದು ಕಷ್ಟವಲ್ಲ. ಸುಟ್ಟ ಮೋಟಾರಿಗೆ ಊರಿನಲ್ಲಿಯೇ ಹೊಸ ತಂತಿ ಸುತ್ತಿಸಿ, ಮರುದಿನ ತೋಟಕ್ಕೆ ನೀರು ಬಿಟ್ಟವರು ನಾವು. ಆ ಅನುಕೂಲ ನಮ್ಮ ಕೈತಪ್ಪುವ ಮೊದಲೇ, ಮುಂದಿನ ಗ್ರಾಮಸಭೆಯಲ್ಲಿ, ಸಂಘದ ಮಹಾಸಭೆಯಲ್ಲಿ ಈ ಮಾತನ್ನು ಎತ್ತೋಣ.